ಹಾಲ್‌ನಲ್ಲಿ ಕೂತವರು, ಪರದೆ ಮುಂದೆ ಕೂತವರು: ಧಾರವಾಡದ ಶಾಸನ ಸಮ್ಮೇಳನಕ್ಕೆ ಲಿಂಕ್ ಕೊಡಬೇಕಾ, ಬೇಡವಾ?

ಕೆಲಗೇರಿ ಕೆರೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಧಾರವಾಡದಲ್ಲಿ ನಮ್ಮ ಬಳಗದಿಂದ ಎರಡು ದಿನದ ಶಾಸನ ಸಮ್ಮೇಳನ, ಅಂದರೆ ಹಳೇ ಕಲ್ಬರಹಗಳ ಸಮ್ಮೇಳನ ಇಟ್ಟುಕೊಂಡಿದ್ದೇವೆ. ಮೊದಲ ದಿನ ಹಾಲ್‌ನಲ್ಲಿ ಪ್ರಬಂಧ ಮಂಡನೆ, ಚರ್ಚೆ. ಎರಡನೇ ದಿನ ಬಸ್ ಮಾಡಿಕೊಂಡು ಲಕ್ಕುಂಡಿಗೆ. ಹಾಲ್‌ನಲ್ಲಿ 120 ಜನ ಕೂರಬಹುದು. ಇಲ್ಲಿಯವರೆಗೆ ಎಲ್ಲಾ ಸರಿ. ಜಗಳ ಶುರುವಾಗಿದ್ದು ಆನ್‌ಲೈನ್ ವಿಷಯಕ್ಕೆ.

ಬಳಗದ ಅರ್ಧ ಜನ, ಬೆಂಗಳೂರು, ಕಲಬುರಗಿ, ಅಮೆರಿಕ ಎಲ್ಲಾ ಕಡೆಯಿಂದ ಕೇಳ್ತಿದ್ದಾರೆ, ಲಿಂಕ್ ಕೊಡಲೇಬೇಕು ಅಂತಾರೆ. ಇನ್ನರ್ಧ, ಲಿಂಕ್ ಕೊಟ್ಟರೆ ಹುಬ್ಬಳ್ಳಿಯವರೂ ಬರಲ್ಲ ಅಂತಾರೆ. ಇಬ್ಬರ ಮಾತಲ್ಲೂ ಹುರುಳಿದೆ. ಹಿಂದೆ ಇಲ್ಲೇ ಒಂದು ಕಾಲೇಜಿನಲ್ಲಿ ಇಂಥದ್ದೇ ಕಾರ್ಯಕ್ರಮಕ್ಕೆ ಹೋಗಿದ್ದೆ. ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಜನ ಬೆಳಿಗ್ಗೆ ಎದ್ದು, ಲಿಂಕ್ ಇದೆಯಲ್ಲ ಅಂತ ಮನೆಯಲ್ಲೇ ಉಳಿದರು. ಜೋಳದ ರೊಟ್ಟಿ ಬುಟ್ಟಿಗಟ್ಟಲೆ ಉಳಿಯಿತು. ಇತ್ತ ಆನ್‌ಲೈನ್‌ನಲ್ಲಿ ಕೂತವರ ಪ್ರಶ್ನೆಗಳನ್ನು ಯಾರೂ ನೋಡಲೇ ಇಲ್ಲ. ಚಾಟ್‌ನಲ್ಲಿ ಬರೆದಿದ್ದು ಅಲ್ಲೇ ಬಿದ್ದಿತ್ತು. ಎರಡೂ ಕಡೆಯವರಿಗೆ ಬೇಜಾರು.

ನನಗೆ ಗೊತ್ತಾಗಬೇಕಿರುವುದು ಇಷ್ಟೇ. ಮಾಡುವುದಾದರೆ ಎರಡೂ ಕಡೆಯವರಿಗೆ ಮರ್ಯಾದೆ ಉಳಿಯುವ ಹಾಗೆ ಮಾಡುವುದು ಹೇಗೆ? ಮಾಡಿ ನೋಡಿದವರು ಹೇಳಿ.

ಹಳೇ ಮೇಷ್ಟ್ರು

ಮಾಡಬೇಡಿ. ಒಂದನ್ನೇ ನೆಟ್ಟಗೆ ಮಾಡಿ.

ಕೊರೊನಾ ಹೊತ್ತಿನಲ್ಲಿ ಎಲ್ಲರೂ ಪರದೆ ಮುಂದೆ ಇದ್ದೆವು. ಆಗ ಯಾರಿಗೂ ಭೇದ ಅನಿಸಲಿಲ್ಲ. ಎಲ್ಲರ ಮುಖವೂ ಅದೇ ಚೌಕದಲ್ಲಿತ್ತು. ಅದಕ್ಕಿಂತ ಮೊದಲು ಎಲ್ಲರೂ ಹಾಲ್‌ನಲ್ಲಿ ಇದ್ದೆವು, ಆಗಲೂ ತೊಂದರೆ ಇರಲಿಲ್ಲ. ಈ ಅರ್ಧಂಬರ್ಧ ಪದ್ಧತಿಯಲ್ಲೇ ಇರುವುದು ಕಷ್ಟ. ಭಾಷಣಕಾರ ಹಾಲ್ ಕಡೆ ನೋಡಿದರೆ ಕ್ಯಾಮೆರಾಗೆ ಬೆನ್ನು. ಕ್ಯಾಮೆರಾ ನೋಡಿದರೆ ಮುಂದಿನ ಸಾಲಿನವರಿಗೆ, ಇವರು ಯಾರ ಜೊತೆ ಮಾತಾಡ್ತಿದ್ದಾರೆ ಅಂತ ಅನುಮಾನ.

1890ರಲ್ಲಿ ಶುರುವಾದ ವಿದ್ಯಾವರ್ಧಕ ಸಂಘ ಇರುವ ಊರು ಇದು. ಇಲ್ಲಿ ಸಭೆ ಅಂದರೆ ಸಭೆ ಮುಗಿದ ಮೇಲಿನ ಮಾತೂ ಸೇರಿ. ಕಟ್ಟೆ ಮೇಲೆ ಕೂತು, ಆ ಪ್ರಬಂಧದಲ್ಲಿ ಕಾಲ ತಪ್ಪಿದೆ ನೋಡ್ರಿ ಅಂತ ಹೇಳುವ ಮಾತು ಇದೆಯಲ್ಲ, ಅದಕ್ಕೆ ಯಾವ ಲಿಂಕ್ ಕೊಡ್ತೀರಿ?

ಮೈಕ್‌ಸೆಟ್ ಹುಬ್ಬಳ್ಳಿ

ಮೇಷ್ಟ್ರೇ, ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಅರ್ಧ ತೊಂದರೆ ಪದ್ಧತಿಯದ್ದಲ್ಲ, ವೈರಿನದ್ದು. ನನ್ನ ಕೆಲಸವೇ ಸೌಂಡ್. ಮದುವೆ, ಜಾತ್ರೆ, ಸೆಮಿನಾರ್ ಎಲ್ಲಾ ಮಾಡುತ್ತೇನೆ. ಹೀಗೆ ಹಾಲ್, ಆನ್‌ಲೈನ್ ಎರಡೂ ಇರುವ ಹೈಬ್ರಿಡ್ ಕಾರ್ಯಕ್ರಮ ಕೆಡುವುದು ಹತ್ತರಲ್ಲಿ ಒಂಬತ್ತು ಸಲ ದನಿಯಿಂದ. ಚಿತ್ರ ಮಸುಕಾದರೂ ಜನ ಸಹಿಸಿಕೊಂಡು ಕೂರುತ್ತಾರೆ. ದನಿ ಕೆಟ್ಟರೆ ಐದು ನಿಮಿಷದಲ್ಲಿ ಎದ್ದು ಹೋಗುತ್ತಾರೆ.

ಸಾಮಾನ್ಯವಾಗಿ ಮಾಡುವುದೇನು? ವೇದಿಕೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಅದರ ಮೈಕನ್ನೇ ನಂಬುತ್ತಾರೆ. ಅದು ಫ್ಯಾನ್ ಸದ್ದು, ಕುರ್ಚಿ ಎಳೆಯೋ ಸದ್ದು, ಸ್ಪೀಕರ್‌ನಿಂದ ಬರೋ ಗುಂಯ್ ಎಲ್ಲಾ ಸೇರಿಸಿ ಕಳಿಸುತ್ತೆ. ಮನೆಯಲ್ಲಿ ಕೂತವರಿಗೆ ಮಾತು ಬಾವಿಯೊಳಗಿಂದ ಕೇಳಿದ ಹಾಗೆ ಕೇಳುತ್ತೆ.

ಸರಿಯಾದ ದಾರಿ ಹೀಗಿದೆ. ಹಾಲ್‌ನ ಮೈಕ್‌ಗಳೆಲ್ಲ ಮಿಕ್ಸರ್‌ಗೆ. ಮಿಕ್ಸರ್‌ನಲ್ಲಿ ಆಕ್ಸ್ ಔಟ್ ಅಂತ ದನಿಯನ್ನು ಪ್ರತ್ಯೇಕವಾಗಿ ಹೊರಗೆ ಕಳಿಸುವ ತೂತು ಇರುತ್ತೆ, ಅದರಿಂದ ಒಂದು ಯುಎಸ್‌ಬಿ ಸೌಂಡ್ ಕಾರ್ಡ್‌ಗೆ, ಅಲ್ಲಿಂದ ಲ್ಯಾಪ್‌ಟಾಪ್‌ಗೆ. ಮಿಕ್ಸರ್ ವೈರನ್ನು ನೇರ ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ಚುಚ್ಚಬೇಡಿ. ಅದು ಬರೀ ಮೈಕ್‌ನ ಸಣ್ಣ ಸಿಗ್ನಲ್‌ಗೆ ಮಾಡಿದ್ದು, ದನಿ ಒಡೆಯುತ್ತೆ. ಇನ್ನು ದೂರದವರ ದನಿ ಹಾಲ್‌ಗೆ ಕೇಳಬೇಕಲ್ವಾ? ಲ್ಯಾಪ್‌ಟಾಪ್‌ನಿಂದ ಬರೋ ಆ ದನಿಯನ್ನು ಮಿಕ್ಸರ್‌ನ ಬೇರೆ ಚಾನೆಲ್‌ಗೆ ತಗೊಳ್ಳಿ. ಈಗ ಮುಖ್ಯ ವಿಷಯ. ವಾಪಸ್ ಕಳಿಸುವ ಆಕ್ಸ್‌ನಲ್ಲಿ ಆ ಒಂದು ಚಾನೆಲ್‌ನ ನಾಬ್ ಮಾತ್ರ ಸೊನ್ನೆಯಲ್ಲಿರಲಿ. ಇಲ್ಲದಿದ್ದರೆ ದೂರದವರು ಮಾತಾಡಿದ್ದು ಹಾಲ್ ಸುತ್ತಿ ಅವರಿಗೇ ತಿರುಗಿ ಕೇಳುತ್ತೆ. ಆಮೇಲೆ ಅವರು ತಡವರಿಸ್ತಾರೆ, 'ಹಲೋ ಹಲೋ' ಅಂತಾರೆ, ಹಾಲ್‌ನಲ್ಲಿ ಎಲ್ಲಾ ನಗ್ತಾರೆ. ಆಕ್ಸ್ ಪ್ರೀ-ಫೇಡರ್ ಇರಲಿ, ಅಂದರೆ ಹಾಲ್‌ನ ದನಿ ಏರಿಸಿ ಇಳಿಸುವ ಫೇಡರ್‌ಗಿಂತ ಮೊದಲೇ ಅದು ದನಿ ತಗೊಳ್ಳಲಿ. ಆಗ ಹಾಲ್‌ನಲ್ಲಿ ಯಾರಾದರೂ ಸೌಂಡ್ ಕಮ್ಮಿ ಮಾಡಿ ಅಂದಾಗ ನೀವು ಫೇಡರ್ ಇಳಿಸಿದರೂ ಆನ್‌ಲೈನ್‌ನವರಿಗೆ ಕಮ್ಮಿ ಆಗಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಹಿರಿಯರು ಎದ್ದು ನಿಂತು, 'ನನ್ನ ದನಿ ಜೋರಿದೆ, ಮೈಕ್ ಬ್ಯಾಡ' ಅಂತಾರೆ. ಹಾಲ್‌ಗೆಲ್ಲಾ ಕೇಳುತ್ತೆ, ನಿಜ. ಆನ್‌ಲೈನ್‌ನವರಿಗೆ ಒಂದಕ್ಷರ ಕೇಳಲ್ಲ. ಮೈಕ್ ಕೈಗೆ ಬರೋವರೆಗೆ ಯಾರೂ ಬಾಯಿ ತೆಗೆಯಬಾರದು ಅಂತ ಅಧ್ಯಕ್ಷರೇ ಗಟ್ಟಿಯಾಗಿ ಹೇಳಬೇಕು. ಇದೊಂದಕ್ಕೆ ಒಂದು ಪೈಸೆ ಖರ್ಚಿಲ್ಲ.

ಪ್ಯಾಕೆಟ್ ಲಾಸ್

ಮೈಕ್‌ಸೆಟ್ ಅಣ್ಣ ಹೇಳಿದ್ದಕ್ಕೆ ನೂರಕ್ಕೆ ನೂರು. ನನ್ನದು ನೆಟ್‌ವರ್ಕ್ ಕೆಲಸ, ಅದರ ಬಗ್ಗೆ ಸ್ವಲ್ಪ.

ಹಾಲ್‌ನ ವೈಫೈಗೆ 120 ಮೊಬೈಲ್ ಸೇರಿಕೊಂಡ ಮೇಲೆ ಅದೇ ವೈಫೈನಲ್ಲಿ ನೇರಪ್ರಸಾರ ಮಾಡಬೇಡಿ. ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಎಳೆಯಿರಿ. ಸ್ಪೀಡ್ ನೋಡುವಾಗ ಡೌನ್‌ಲೋಡ್ ನೋಡಿ ಖುಷಿಪಡಬೇಡಿ, ನಿಮಗೆ ಬೇಕಿರುವುದು ಅಪ್‌ಲೋಡ್. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತೆ, ಆದರೆ ರೂಟರ್ ಸಾಯುತ್ತೆ. ಅದಕ್ಕೆ 12 ವೋಲ್ಟ್‌ನ ಮಿನಿ ಯುಪಿಎಸ್ ಸಿಗುತ್ತೆ, ಹಾಕಿ. ಜನರೇಟರ್ ಶುರುವಾಗೋವರೆಗಿನ ಆ ಒಂದೆರಡು ನಿಮಿಷಕ್ಕೆ ಅದು ಸಾಕು. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಟ್ ಆಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು, ಆದರೂ ಪ್ರತಿ ಸಲ ಯಾರಾದರೂ ಅದರಲ್ಲೇ ಶುರು ಮಾಡ್ತಾರೆ.

ಈಗ ಕೆಲಗೇರಿ ಕೆರೆಯವರ ಮರ್ಯಾದೆ ಪ್ರಶ್ನೆ. ಐಇಟಿಎಫ್ ಅಂತ ಒಂದಿದೆ. ಇಂಟರ್‌ನೆಟ್‌ನ ನಿಯಮಾವಳಿಗಳನ್ನು ರೂಪಿಸೋ ಸಂಸ್ಥೆ. 2020ರ ಮಾರ್ಚ್‌ನಲ್ಲಿ ವ್ಯಾಂಕೂವರ್‌ನಲ್ಲಿ ನಡೆಯಬೇಕಿದ್ದ ಅವರ ಸಭೆ ಪೂರ್ತಿ ಆನ್‌ಲೈನ್ ಆಯಿತು. ಎರಡು ವರ್ಷ ಹಾಗೇ ಓಡಿತು. 2022ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಮತ್ತೆ ಕೋಣೆಯಲ್ಲಿ ಸೇರಿದಾಗ ಅವರೊಂದು ಒಳ್ಳೆ ಪದ್ಧತಿ ಇಟ್ಟುಕೊಂಡರು. ಪ್ರಶ್ನೆ ಕೇಳಲು ಒಂದೇ ಸರದಿ. ಕೋಣೆಯಲ್ಲಿ ಇರುವವರೂ ಎದ್ದು ಮೈಕ್ ಹತ್ತಿರ ಹೋಗುವ ಮೊದಲು ಫೋನ್‌ನಲ್ಲಿ, ಆನ್‌ಲೈನ್ ಸಭೆಗೆ ಅವರು ಬಳಸುವ ಮೀಟೆಕೋ ತಂತ್ರಾಂಶದಲ್ಲಿ ಕೈ ಎತ್ತಬೇಕು. ದೂರದವರೂ ಅಲ್ಲೇ ಕೈ ಎತ್ತಬೇಕು. ಯಾರು ಮೊದಲು ಎತ್ತಿದರೋ ಅವರಿಗೆ ಮೊದಲ ಮಾತು. ಅಧ್ಯಕ್ಷರ ಕಣ್ಣಿಗೆ ಕಾಣುವುದು ಒಂದೇ ಪಟ್ಟಿ.

ನಮ್ಮಲ್ಲಿ ಆಗುವುದು ಏನು? ಹಾಲ್‌ನಲ್ಲಿ ಎಲ್ಲರೂ ಕೇಳಿ ಮುಗಿದ ಮೇಲೆ, ಊಟಕ್ಕೆ ಹೊತ್ತಾಯ್ತು ಅನ್ನುವಾಗ, 'ಆನ್‌ಲೈನ್‌ನಲ್ಲಿ ಯಾರದ್ದಾದರೂ ಪ್ರಶ್ನೆ ಇದೆಯಾ?' ಅಂತ ಕೇಳೋದು. ಅದು ಕೇಳಿದ ಶಾಸ್ತ್ರ ಅಷ್ಟೇ.

ಸರ್ಟಿಫಿಕೇಟ್ ಸಂಗ್ರಾಹಕ

ಆನ್‌ಲೈನ್‌ನಲ್ಲಿ ಸೇರಿದರೆ ಸರ್ಟಿಫಿಕೇಟ್ ಸಿಗುತ್ತಾ ಸರ್?

ಏಲಕ್ಕಿ ಹಾರ

ಬಂದರು ನೋಡಿ.

ಹಾವೇರಿಯಿಂದ ನನ್ನ ಎರಡು ಮಾತು. 2023ರ ಜನವರಿ 6ರಿಂದ 8ರವರೆಗೆ ನಮ್ಮೂರಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆಯಿತು. ನಾನು ಅಲ್ಲಿ ಗೋಷ್ಠಿ ಕೇಳಿದ್ದಕ್ಕಿಂತ ಪುಸ್ತಕ ಮಳಿಗೆಯಲ್ಲಿ ಸುತ್ತಿದ್ದೇ ಜಾಸ್ತಿ. ಊಟದ ಸಾಲಿನಲ್ಲಿ ಸಿಕ್ಕ ಗೆಳೆಯರ ಜೊತೆ ಇವತ್ತಿಗೂ ಮಾತಿದೆ. ಜಾತ್ರೆಯಂಥ ಸಮ್ಮೇಳನಕ್ಕೆ ಲಿಂಕ್ ಇದ್ದರೂ ಇಲ್ಲದಿದ್ದರೂ ಜನ ಬಂದೇ ಬರ್ತಾರೆ. ನಿಮ್ಮದು ಬೇರೆ. 120 ಜನ ಕೂತು ಒಂದು ಅಕ್ಷರ ಪ ಅಥವಾ ವ ಅಂತ ಜಗಳ ಆಡುವ ಸಭೆ. ಅಂಥ ಸಭೆಗೆ ಕಲಬುರಗಿಯಲ್ಲಿ ಕೂತ ಒಬ್ಬ ತಿಳಿದವರು ಸೇರಿದರೆ ಚರ್ಚೆಯ ದಿಕ್ಕೇ ಬದಲಾಗುತ್ತೆ. ನಾನಂತೂ ಲಿಂಕ್ ಪರ.

ಆದರೆ ಉದ್ಘಾಟನೆಗೆ ಹಾಡು, ಡೊಳ್ಳು ಏನಾದರೂ ಇಟ್ಟಿದ್ದರೆ ಹುಷಾರು. ಜೂಮ್ ಅದನ್ನೆಲ್ಲಾ ಗಲಾಟೆ ಅಂದುಕೊಂಡು ಅಳಿಸಿಬಿಡುತ್ತೆ. ನಾನು ಮನೆಯಲ್ಲಿ ಕೂತು ಒಂದು ಜಾನಪದ ಕಾರ್ಯಕ್ರಮ ನೋಡಿದ್ದೆ. ಡೊಳ್ಳಿನವರು ಕುಣಿತಾ ಇದ್ದಾರೆ, ಕೋಲು ಎತ್ತಿ ಎತ್ತಿ ಹೊಡೀತಾ ಇದ್ದಾರೆ, ಸದ್ದೇ ಇಲ್ಲ! ನಡುನಡುವೆ ಯಾರೋ ಕೆಮ್ಮಿದ್ದು ಮಾತ್ರ ಸ್ಪಷ್ಟ. ಸೆಟ್ಟಿಂಗ್ಸ್‌ನಲ್ಲಿ ಒರಿಜಿನಲ್ ಸೌಂಡ್ ಅಂತ ಇರುತ್ತೆ, ಆ ಹೊತ್ತಿಗೆ ಅದನ್ನು ಆನ್ ಮಾಡಬೇಕು.

ವಿದ್ಯಾನಗರ, ಮನೆಯಿಂದ

'ಲಿಂಕ್ ಕೊಟ್ಟರೆ ಹುಬ್ಬಳ್ಳಿಯವರೂ ಬರಲ್ಲ' ಅನ್ನುವ ಮಾತಿಗೆ ನಾನು ಉತ್ತರ ಕೊಡಬೇಕು. ನಾನು ಆ ಹುಬ್ಬಳ್ಳಿಯವಳು.

ವಿದ್ಯಾನಗರದಿಂದ ಚಿಗರಿ ಬಸ್ ಹತ್ತಿದರೆ ಧಾರವಾಡ ದೂರವೇನಿಲ್ಲ. ಆದರೆ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಇಡೀ ದಿನ ಹೊರಗೆ ಇರುವುದು ಆಗದ ಮಾತು. ಶಾಸನ ಓದುವುದು ಕಲಿತಿದ್ದೇನೆ, ಬಿಡಲು ಮನಸ್ಸಿಲ್ಲ. ದೂರದವರಿಗೆ ಲಿಂಕ್, ಹತ್ತಿರದವರಿಗೆ ಇಲ್ಲ ಅಂತ ನಿಯಮ ಮಾಡಿದರೆ ಮೊದಲು ಹೊರಗೆ ಬೀಳುವುದು ನನ್ನಂಥವರು. ಸೋಮಾರಿಗಳಿಗೆ ಹಾಕಿದ ಬೇಲಿ ನಮಗೆ ಚುಚ್ಚುತ್ತೆ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಶಾಸನದ ಮಟ್ಟಿಗೆ ಮನೆಯಲ್ಲಿ ಕೂತವರಿಗೇ ಚೆನ್ನಾಗಿ ಕಾಣುತ್ತೆ. ಪಡಿಯಚ್ಚು ತೆಗೆಯುವುದು ನೋಡಿದವರಿಗೆ ಗೊತ್ತು. ಒದ್ದೆ ಕಾಗದ ಕಲ್ಲಿನ ಮೇಲೆ ಹಾಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಕೂರಿಸಿ, ಮೇಲೆ ಮಸಿ ಒತ್ತುತ್ತಾರೆ. ಗುಳಿಗೆ ಮಸಿ ತಾಗಲ್ಲ. ಅಕ್ಷರ ಬಿಳಿ, ಸುತ್ತ ಕಪ್ಪು. ಸವೆದ ಕಲ್ಲಾದರೆ ಬಿಳಿ ಎಲ್ಲಿ ಮುಗಿಯಿತು, ಕಪ್ಪು ಎಲ್ಲಿ ಶುರುವಾಯಿತು ಅನ್ನುವುದೇ ಓದು. ಅದನ್ನು ಹಗಲು ಹೊತ್ತು ಕಿಟಕಿ ತೆರೆದ ಹಾಲ್‌ನಲ್ಲಿ ಪ್ರೊಜೆಕ್ಟರ್‌ನಲ್ಲಿ ತೋರಿಸಿದರೆ ಕಾಣುವುದು ಬೂದಿ ಬಣ್ಣ ಮಾತ್ರ. ನಾನು ಲ್ಯಾಪ್‌ಟಾಪ್‌ನಲ್ಲಿ ಅದನ್ನೇ ದೊಡ್ಡದು ಮಾಡಿ ನೋಡುತ್ತಿರುತ್ತೇನೆ. ಹಾಗಾಗಿ ಪಡಿಯಚ್ಚಿನ ಚಿತ್ರಗಳನ್ನು ಮೊದಲೇ ಎಲ್ಲರಿಗೂ ಕಳಿಸಿ. ಹಾಲ್‌ನವರೂ ಫೋನ್‌ನಲ್ಲಿ ತೆರೆದುಕೊಳ್ಳಲಿ. ಈ ಒಂದು ವಿಷಯದಲ್ಲಿ ಹಿಂದುಳಿದವರು ಹಾಲ್‌ನವರು, ನಾವಲ್ಲ!

ಕೆಲಗೇರಿ ಕೆರೆ

ಅಕ್ಕಾ, ನಿಮ್ಮ ಮಾತು ಬಳಗದ ಗುಂಪಿನಲ್ಲಿ ಹಾಗೇ ಹಾಕಿದೆ. ಹತ್ತಿರದವರಿಗೆ ಲಿಂಕ್ ಇಲ್ಲ ಅನ್ನುವ ಸಲಹೆ ಅಲ್ಲಿಗೇ ಬಿತ್ತು. ಇನ್ನೊಂದು ಯೋಚನೆ ಬಂದಿದೆ. ಹೆಸರು ಕೊಡುವಾಗಲೇ ಹಾಲ್ ಅಥವಾ ಆನ್‌ಲೈನ್ ಅಂತ ಆರಿಸಿಕೊಳ್ಳಬೇಕು. ಒಂದು ವಾರ ಮೊದಲು ಖಚಿತ ಮಾಡಬೇಕು. ಕಾರಣ ಕೇಳುವುದಿಲ್ಲ. ಹಾಲ್ ಅಂದವರ ಲೆಕ್ಕಕ್ಕೆ ಮಾತ್ರ ರೊಟ್ಟಿ. ಹೀಗೆ ಮಾಡಿದರೆ ಅಡುಗೆಯವರಿಗೂ ಅನುಕೂಲ, ಖಾಲಿ ಕುರ್ಚಿ ನೋಡಿ ಭಾಷಣಕಾರರು ಬೇಸರ ಮಾಡಿಕೊಳ್ಳುವುದೂ ತಪ್ಪುತ್ತೆ.

ಸರ್ಟಿಫಿಕೇಟ್ ಕೇಳಿದವರಿಗೆ: ಪ್ರಬಂಧ ಮಂಡಿಸಿದವರಿಗೆ ಮಾತ್ರ. ಎಲ್ಲಿ ಕೂತು ಮಂಡಿಸಿದರೂ ಸಿಗುತ್ತೆ.

ಹಳೇ ಮೇಷ್ಟ್ರು

ಸರ್ಟಿಫಿಕೇಟ್ ವಿಷಯದಲ್ಲಿ ಶಹಬ್ಬಾಸ್. ಅದಕ್ಕೇ ಬರುವವರು ಹಾಲ್‌ನಲ್ಲಾದರೆ ಊಟ ಆದ ಮೇಲೆ ಮಾಯ, ಆನ್‌ಲೈನ್‌ನಲ್ಲಾದರೆ ಕ್ಯಾಮೆರಾ ಆಫ್ ಮಾಡಿ ಮಾಯ.

ವಿದ್ಯಾನಗರದ ತಂಗಿಯ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಲಿಂಕ್ ಕೊಡಿ. ಆದರೆ ಕಟ್ಟೆಯ ಮಾತಿನ ಬಗ್ಗೆ ನಾನು ಕೇಳಿದ್ದು ಹಾಗೇ ಉಳಿದಿದೆ.

ದೂರದ ಧಾರವಾಡದವಳು

ಮೇಷ್ಟ್ರಿಗೆ ನಮಸ್ಕಾರ. ನಾನು ಹುಟ್ಟಿದ್ದು ಧಾರವಾಡದಲ್ಲಿ, ಈಗ ಇರುವುದು ನ್ಯೂಜೆರ್ಸಿಯಲ್ಲಿ. ಕಟ್ಟೆಯ ಮಾತು ನಮಗೆ ಸಿಗಲ್ಲ. ಅದನ್ನು ಒಪ್ಪಿಕೊಂಡೇ ಲಿಂಕ್ ಒತ್ತುತ್ತೇವೆ. ಕೆಲವು ಕಡೆ ಟೀ ಹೊತ್ತಿನಲ್ಲಿ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ಇಟ್ಟು, ಆನ್‌ಲೈನ್‌ನವರ ಜೊತೆಯೂ ಮಾತಾಡಿ ಅಂತ ಹೇಳ್ತಾರೆ. ದಯವಿಟ್ಟು ಅದು ಬೇಡ. ಹೋಗುವವರು ಬರುವವರ ಹೊಟ್ಟೆ, ಟೀ ಲೋಟ ಬಿಟ್ಟರೆ ಏನೂ ಕಾಣಲ್ಲ. ಯಾರೋ ಬಗ್ಗಿ ನೋಡಿ ಕೈ ಬೀಸಿ ಹೋಗ್ತಾರೆ. ಮುಜುಗರ.

ಅದರ ಬದಲು ಹಿಂದಿನ ಸಂಜೆ ಒಂದು ಗಂಟೆ ಎಲ್ಲರೂ ಆನ್‌ಲೈನ್‌ನಲ್ಲೇ ಸೇರಿ. ಹಾಲ್‌ಗೆ ಬರುವವರೂ ಅವತ್ತು ಮನೆಯಿಂದಲೇ ಸೇರಲಿ. ಯಾರು ಏನು ಓದುತ್ತಿದ್ದಾರೆ, ಯಾರಿಗೆ ಯಾವ ಊರಿನ ಶಾಸನ ಬೇಕು, ಇಂಥ ಹರಟೆ ಸಾಕು. ಒಮ್ಮೆ ಪರಿಚಯ ಆದರೆ ಮರುದಿನ ನಾನು ಪ್ರಶ್ನೆ ಕೇಳಿದಾಗ ಹಾಲ್‌ನಲ್ಲಿ ಯಾರಿಗಾದರೂ ಹೆಸರು ನೆನಪಿರುತ್ತೆ.

ಸಮಯದ ಬಗ್ಗೆ ಒಂದು ಕೋರಿಕೆ. ಡಿಸೆಂಬರ್‌ನಲ್ಲಿ ನಾವು ನಿಮಗಿಂತ ಹತ್ತೂವರೆ ಗಂಟೆ ಹಿಂದೆ. ನಿಮ್ಮ ಬೆಳಿಗ್ಗೆ 10 ಗಂಟೆ ಅಂದರೆ ನಮಗೆ ಹಿಂದಿನ ರಾತ್ರಿ ಹನ್ನೊಂದೂವರೆ. ಉದ್ಘಾಟನೆ, ಸನ್ಮಾನ ಎಲ್ಲಾ ಆಗಲೇ ಮುಗಿಸಿ. ನಾವು ಮಲಗಿರುತ್ತೇವೆ, ಬೇಜಾರೇನಿಲ್ಲ! ದೂರದವರು ಮಂಡಿಸುವ ಪ್ರಬಂಧ ಮತ್ತು ಮುಖ್ಯ ಚರ್ಚೆ ಸಂಜೆ ನಾಲ್ಕೂವರೆ ನಂತರ ಇಟ್ಟರೆ ನಮಗೆ ಬೆಳಗಿನ 6. ಎದ್ದು ಚಹಾ ಹಿಡಿದು ಕೂರಬಹುದು. ಬೆಂಗಳೂರಿನವರಿಗೂ ಇದು ಒಳ್ಳೆಯದೇ ಅಲ್ವಾ? ಬೆಳಿಗ್ಗೆ ವಂದೇ ಭಾರತ್ ಹತ್ತಿದವರು ಮಧ್ಯಾಹ್ನದ ಹೊತ್ತಿಗೆ ಧಾರವಾಡ ಮುಟ್ಟುತ್ತಾರೆ.

ಬೆಟಗೇರಿ ಮಗ್ಗ

ತಡವಾಗಿ ಬಂದೆ. ಎರಡನೇ ದಿನದ ಬಗ್ಗೆ ಯಾರೂ ಮಾತಾಡಿಲ್ಲ, ಲಕ್ಕುಂಡಿ ನಮ್ಮ ಗದಗದ ಪಕ್ಕದ ಊರು, ಹಾಗಾಗಿ ನಾನೇ ಹೇಳುತ್ತೇನೆ.

ಲಕ್ಕುಂಡಿಯಿಂದ ಲೈವ್ ಮಾಡಬೇಡಿ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್ ಇಟ್ಟು ಚಿತ್ರೀಕರಣ ಮಾಡಲು ಮೊದಲೇ ಅನುಮತಿ ಬೇಕು. ಕೈಯಲ್ಲಿ ಫೋನ್ ಹಿಡಿದು ಓಡಾಡಿದರೆ ನೋಡುವವರಿಗೆ ತಲೆ ಸುತ್ತು ಬರುತ್ತೆ. ಮುಸುಕಿನ ಬಾವಿಯ ಮೆಟ್ಟಿಲ ಹತ್ತಿರ ನಿಂತರೆ ಅರ್ಧ ಕಡುಬಿಸಿಲು, ಅರ್ಧ ಕತ್ತಲೆ. ಕ್ಯಾಮೆರಾಗೆ ಎರಡೂ ಒಟ್ಟಿಗೆ ಸಿಗಲ್ಲ. ಗುಡಿಯೊಳಗೆ ಸಿಗ್ನಲ್ ನಂಬಬೇಡಿ.

1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಮುಂದೆ ನಿಂತಾಗ ಆಗುವ ಅನುಭವ ನಿಂತವರಿಗೇ. ಅದು ಹಾಲ್ ಪಾಲಿನದ್ದು ಅಂತ ಬಿಟ್ಟುಬಿಡಿ. ಎಲ್ಲವನ್ನೂ ಎರಡೂ ಕಡೆಗೆ ಸಮ ಹಂಚಬೇಕು ಅಂತ ಹಟ ಯಾಕೆ? ಆನ್‌ಲೈನ್‌ನವರಿಗೆ ಬೇರೆ ಏನಾದರೂ ಕೊಡಿ. ನಾವು ಒಂದಿಬ್ಬರು ಹಿಂದಿನ ವಾರವೇ ಹೋಗಿ, ಓರೆಯಾಗಿ ಬೆಳಕು ಬೀಳುವ ಸಂಜೆ ಹೊತ್ತಿನಲ್ಲಿ ಶಾಸನಗಳ ಫೋಟೊ ತೆಗೆದು ಕೊಡುತ್ತೇವೆ. ಓರೆ ಬೆಳಕಲ್ಲಿ ಅಕ್ಷರದ ನೆರಳು ಎದ್ದು ಕಾಣುತ್ತೆ. ನೀವು ಬಸ್‌ನಲ್ಲಿ ಮಧ್ಯಾಹ್ನ ಬರುವವರು ಅಷ್ಟು ಚೆನ್ನಾಗಿ ನೋಡಲ್ಲ, ನೋಡ್ತಿರಿ. ಅವತ್ತು ರಾತ್ರಿ ಆ ಫೋಟೊ ಇಟ್ಟುಕೊಂಡು ಆನ್‌ಲೈನ್‌ನವರ ಜೊತೆ ಒಂದು ಓದು ಮಾಡೋಣ.

ತಿಂಗಳಿಗೊಂದು ಶಾಸನ

ನಾನು ಸಂಶೋಧನಾ ವಿದ್ಯಾರ್ಥಿ. ಒಂದು ಭಯ ಹೇಳಲೇ? ಹೊಸದಾಗಿ ಸಿಕ್ಕ ಶಾಸನದ ಓದನ್ನು ಹಾಲ್‌ನಲ್ಲಿ ಹೇಳಿದರೆ ಅಲ್ಲಿದ್ದವರಿಗೆ ಮಾತ್ರ ಗೊತ್ತಾಗುತ್ತೆ. ಯೂಟ್ಯೂಬ್‌ನಲ್ಲಿ ಹಾಕಿದರೆ ನನ್ನ ಲೇಖನ ಅಚ್ಚಾಗುವ ಮೊದಲೇ ಬೇರೆಯವರ ಹೆಸರಲ್ಲಿ ಬಂದಿರುತ್ತೆ. ಆಗ ಮೊದಲು ಓದಿದ್ದು ನಾನು ಅಂತ ಯಾರ ಹತ್ತಿರ ಹೇಳಲಿ? ತಪ್ಪು ಓದಿದ್ದರೆ ಇನ್ನೂ ಕಷ್ಟ, ಆ ವಿಡಿಯೊ ಹಾಗೇ ಉಳಿಯುತ್ತೆ.

ಪ್ಯಾಕೆಟ್ ಲಾಸ್

ಇದು ಬಹಳ ಮುಖ್ಯ. ನೇರ ಭಾಗವಹಿಸುವಿಕೆ ಬೇರೆ, ರೆಕಾರ್ಡಿಂಗ್ ಬೇರೆ. ಎರಡನ್ನೂ ಒಂದೇ ಗುಂಡಿಗೆ ಕಟ್ಟಬೇಡಿ. ಮಂಡಿಸುವ ಪ್ರತಿಯೊಬ್ಬರನ್ನೂ ಮೊದಲೇ ಕೇಳಿ ಬರೆಸಿಕೊಳ್ಳಿ: ರೆಕಾರ್ಡ್ ಮಾಡಬಹುದಾ, ಎಲ್ಲರಿಗೂ ತೋರಿಸಬಹುದಾ, ಯಾವಾಗಿನಿಂದ? ಬೇಡ ಅಂದವರ ಸರದಿಯಲ್ಲಿ ರೆಕಾರ್ಡಿಂಗ್ ನಿಲ್ಲಿಸಿ, ಅದನ್ನು ಗಟ್ಟಿಯಾಗಿ ಹೇಳಿ. ಯಾರೋ ಮನೆಯಲ್ಲಿ ಪರದೆಯ ಫೋಟೊ ಹೊಡೆಯುವುದನ್ನು ತಡೆಯಲು ಆಗಲ್ಲ. ಆದರೆ ಹಾಲ್‌ನಲ್ಲೂ ಮೊಬೈಲ್ ಎತ್ತಿ ಸ್ಲೈಡ್ ಹೊಡೆಯುತ್ತಾರಲ್ಲ.

ಇದೇ ಕಾರಣಕ್ಕೆ ಚರ್ಚೆಯನ್ನು ಯೂಟ್ಯೂಬ್ ಲೈವ್‌ನಲ್ಲಿ ನಡೆಸಬೇಡಿ ಅನ್ನುತ್ತೇನೆ. ಅಲ್ಲಿ ದೃಶ್ಯ ತಡವಾಗಿ ಮುಟ್ಟುತ್ತೆ. ನೋಡುವವರು ಪ್ರಶ್ನೆ ಟೈಪ್ ಮಾಡುವಷ್ಟರಲ್ಲಿ ಹಾಲ್‌ನಲ್ಲಿ ಮುಂದಿನ ವಿಷಯ ಶುರುವಾಗಿರುತ್ತೆ. ಹೆಸರು ಕೊಟ್ಟವರಿಗೆ ಜೂಮ್. ಯೂಟ್ಯೂಬ್ ಬೇಕಾದರೆ ಆಮೇಲೆ, ಒಪ್ಪಿದವರದ್ದು ಮಾತ್ರ.

ವಿದ್ಯಾನಗರ, ಮನೆಯಿಂದ

ಒಂದೇ ಸರದಿ ಒಳ್ಳೆಯದು. ಆದರೆ ನಮ್ಮ ಹಿರಿಯರು ಫೋನ್‌ನಲ್ಲಿ ಕೈ ಎತ್ತುತ್ತಾರೆ ಅಂತ ನನಗೆ ನಂಬಿಕೆ ಇಲ್ಲ. ಒಬ್ಬರನ್ನು ಅದಕ್ಕೇ ಅಂತ ಅಧ್ಯಕ್ಷರ ಪಕ್ಕ ಕೂರಿಸಿ. ಹಾಲ್‌ನಲ್ಲಿ ಕೈ ಎತ್ತಿದವರನ್ನೂ ಆನ್‌ಲೈನ್‌ನಲ್ಲಿ ಎತ್ತಿದವರನ್ನೂ ಅವರು ಒಂದೇ ಹಾಳೆಯಲ್ಲಿ ಬರೆದುಕೊಳ್ಳಲಿ. ಆನ್‌ಲೈನ್‌ನವರ ದನಿ ಬರದಿದ್ದರೆ ಎದ್ದು ನಿಂತು, 'ಸರ್ ಸ್ವಲ್ಪ ನಿಲ್ಲಿಸಿ' ಅನ್ನುವ ಅಧಿಕಾರ ಅವರಿಗೆ ಇರಬೇಕು. ಲ್ಯಾಪ್‌ಟಾಪ್ ನೋಡಿಕೊಳ್ಳುವ ಹುಡುಗನಿಗೆ ಆ ಧೈರ್ಯ ಇರಲ್ಲ, ಪಾಪ. ದೊಡ್ಡ ಪ್ರೊಫೆಸರ್ ಮಾತಾಡುವಾಗ ಅವನು ನಿಲ್ಲಿಸ್ತಾನಾ?

ಕೆಲಗೇರಿ ಕೆರೆ

ಆ ಜಾಗಕ್ಕೆ ಹಳೇ ಮೇಷ್ಟ್ರನ್ನು ಕೂರಿಸಿದರೆ ಹೇಗೆ? ಅವರು ನಿಲ್ಲಿಸಿ ಅಂದರೆ ಧಾರವಾಡದಲ್ಲಿ ಯಾರೂ ಮುಂದೆ ಮಾತಾಡಲ್ಲ.

ಬಳಗದಲ್ಲಿ ಒಪ್ಪಿದ್ದು: ಹಿಂದಿನ ಸಂಜೆಯ ಹರಟೆ, ಸಂಜೆಯ ಚರ್ಚೆ, ಒಂದೇ ಸರದಿ, ರೆಕಾರ್ಡಿಂಗ್‌ಗೆ ಪ್ರತ್ಯೇಕ ಒಪ್ಪಿಗೆ. ಲಕ್ಕುಂಡಿ ಲೈವ್ ಇಲ್ಲ. ಶುಲ್ಕದ ಬಗ್ಗೆ ಇನ್ನೂ ಮಾತು ನಡೆದಿದೆ. ಆನ್‌ಲೈನ್‌ನವರಿಗೆ ಪೂರ್ತಿ ಉಚಿತ ಬೇಡ, ಜೂಮ್ ಖರ್ಚಿನ ಪಾಲು ಕೊಡಲಿ ಅಂತ ಕೆಲವರು. ನನಗೆ ಅದು ಸರಿ ಅನಿಸುತ್ತೆ. ಆದರೆ ಆಗದವರು ಒಂದು ಸಾಲು ಬರೆದರೆ ಮನ್ನಾ.

ಹಳೇ ಮೇಷ್ಟ್ರು

ಕೂರುತ್ತೇನೆ. ಪೆನ್ನು, ಹಾಳೆ ಕೊಡಿ. ಲ್ಯಾಪ್‌ಟಾಪ್ ಮುಟ್ಟಲ್ಲ, ಅದರಲ್ಲಿ ಕೈ ಎತ್ತಿದವರ ಹೆಸರನ್ನು ಆ ಹುಡುಗನೇ ಓದಿ ಹೇಳಬೇಕು.

ಮೈಕ್‌ಸೆಟ್ ಹುಬ್ಬಳ್ಳಿ

ಮಿಕ್ಸರ್, ಸೌಂಡ್ ಕಾರ್ಡ್, ಎರಡು ಕಾರ್ಡ್‌ಲೆಸ್ ಮೈಕ್ ನಾನು ತರುತ್ತೇನೆ, ಬಾಡಿಗೆ ಬೇಡ. ಕೆರೆಯವರೇ, ಹಾಲ್‌ನ ಆಂಪ್ಲಿಫೈಯರ್ ಹಿಂಭಾಗದ ಫೋಟೊ ಹಾಕಿ. ಮುಂಭಾಗದ್ದು ಬೇಡ, ಹಿಂಭಾಗದ್ದು.

ಕೆಲಗೇರಿ ಕೆರೆ

ಹಾಕಿದ್ದೇನೆ ನೋಡಿ. ಗೋಡೆಗೆ ಅಂಟಿಸಿಟ್ಟಿದ್ದಾರೆ, ಇಷ್ಟೇ ಕಾಣುವುದು.

ಮೈಕ್‌ಸೆಟ್ ಹುಬ್ಬಳ್ಳಿ

ಮಿಕ್ಸರ್ ವೈರ್ ಚುಚ್ಚುವ ಲೈನ್ ಇನ್ ಒಂದಿದೆ, ಧೂಳಿನಲ್ಲಿ ಮುಚ್ಚಿಹೋಗಿದೆ. ಅದು ಕೆಲಸ ಮಾಡಿದರೆ ಸಾಕು, ಉಳಿದಿದ್ದು ನನಗೆ ಬಿಡಿ. ಭಾನುವಾರ ಬೆಳಿಗ್ಗೆ ಹಾಲ್ ಕೀಲಿ ಯಾರ ಹತ್ತಿರ ಇರುತ್ತೆ ಹೇಳಿ. ಬಂದು ಪರೀಕ್ಷೆ ಮಾಡುತ್ತೇನೆ. ವಿದ್ಯಾನಗರದ ಅಕ್ಕನವರು ಅವತ್ತು ಹತ್ತು ನಿಮಿಷ ಮನೆಯಿಂದ ಲಿಂಕ್‌ಗೆ ಸೇರಿಕೊಂಡು ಹೇಗೆ ಕೇಳುತ್ತೆ ಅಂತ ಹೇಳಿದರೆ ಒಳ್ಳೆಯದು.

ವಿದ್ಯಾನಗರ, ಮನೆಯಿಂದ

ಹನ್ನೊಂದರ ನಂತರ ಆದರೆ ಸೇರುತ್ತೇನೆ. ಅದಕ್ಕೆ ಮೊದಲು ಅತ್ತೆಯ ಸ್ನಾನ ಇರುತ್ತೆ.